ನಕಾಶೆಯಲ್ಲಿ ಹತ್ತಿರವಿದ್ದ ಐರಣಿ

ಹೊಸರಿತ್ತಿಯ ನಿರ್ಮಲಾ ಭೂಗೋಳದಲ್ಲಿ ಎಂ.ಎಸ್ಸಿ. ಮುಗಿಸಿ, ವಿಶ್ವವಿದ್ಯಾಲಯವೊಂದರ ಯೋಜನಾ ವಿಭಾಗದಲ್ಲಿ ಗುತ್ತಿಗೆಯ ಮೇಲೆ ಸೇರಿದ್ದಳು. ಹೊಸ ಸ್ನಾತಕೋತ್ತರ ಕೇಂದ್ರ ಎಲ್ಲಿ ಕಟ್ಟಿದರೆ ಹೆಚ್ಚು ಮಕ್ಕಳಿಗೆ ಅನುಕೂಲ ಎಂಬುದನ್ನು ಕಂಪ್ಯೂಟರ್ ನಕಾಶೆಯಲ್ಲಿ ತೋರಿಸುವುದು ಅವಳ ಪಾಲಿಗೆ ಬಂದಿತು. ವಿದ್ಯಾರ್ಥಿಗಳ ಊರುಗಳಿಗೆಲ್ಲ ಚುಕ್ಕಿ ಇಟ್ಟಳು, ರಸ್ತೆ ಎಳೆದಳು, ದೂರ ಅಳೆದಳು. ಬ್ಯಾಡಗಿ, ರಾಣೆಬೆನ್ನೂರುಗಳ ನಡುವಿನ ಒಂದು ವಿಶಾಲ ಸರ್ಕಾರಿ ಜಾಗ ಎಲ್ಲ ಊರಿಗೂ ಹತ್ತಿರವೆಂದು ಕಂಡಿತು. ವಿಭಾಗದ ಮುಖ್ಯಸ್ಥ ಶಂಭುಲಿಂಗ ಅವರಿಗೆ ಅದು ಬಹಳ ಹಿಡಿಸಿತು. ಜಾಗ ಆರಿಸುವ ಸಮಿತಿಯ ಸದಸ್ಯರಿಗೂ ನಕಾಶೆ ಕಳಿಸಿ ಒಪ್ಪಿಸಿಬಿಟ್ಟರು.

ಅಂದಿನಿಂದ ನಿರ್ಮಲಾಳ ಎದೆಯಲ್ಲಿ ಏನೋ ಅಳುಕು. ತಾನು ಇಷ್ಟೆಲ್ಲ ಅಳೆದದ್ದು ಕುರ್ಚಿಯಲ್ಲಿ ಕುಳಿತೇ ಅಲ್ಲವೇ? ಸಮಾಧಾನವಾಗದೆ ಸಮಿತಿಯ ಸಭೆಯ ಮುನ್ನಾದಿನ ರಾಣೆಬೆನ್ನೂರಿಗೆ ಹೋಗಿ, ನಕಾಶೆಯಲ್ಲಿ ಹತ್ತಿರವೆಂದು ಕಂಡಿದ್ದ ಐರಣಿ ಎಂಬ ಹಳ್ಳಿಯ ಬಸ್ಸು ಹತ್ತಿದಳು. ಪಕ್ಕದಲ್ಲಿ ಕುಳಿತವಳು ಡಿಗ್ರಿ ಕೊನೆಯ ವರ್ಷದ ದೀಪಿಕಾ.

"ಬ್ಯಾಡಗಿ ಕಡೆ ಕೇಂದ್ರ ಆದ್ರ ಎಂ.ಎ. ಮಾಡ್ತೀಯೇನವಾ?"

"ಹೆಂಗ ಮಾಡ್ಲಿ ಅಕ್ಕಾ? ಅಲ್ಲಿಂದ ರಾಣೆಬೆನ್ನೂರಿಗೆ ಬರೂದ್ರಾಗ ನಮ್ಮೂರ ಕಡೀ ಬಸ್ ಹೋಗಿರತೈತಿ. ಒಮ್ಮೆ ಬಸ್ ತಪ್ಪಿದ್ದಕ್ಕ ನಮ್ಮಪ್ಪ ಕಾಲೇಜ ಬಿಡಸಾಕ ನಿಂತಿದ್ದ."

ಮರಳುವಾಗ ನಿರ್ಮಲಾ ರಾಣೆಬೆನ್ನೂರು ನಿಲ್ದಾಣದಲ್ಲಿ ಎಲ್ಲ ಊರಿನ ಬಸ್ಸುಗಳ ವೇಳೆ ಬರೆದುಕೊಂಡಳು. ಅಂದು ರಾತ್ರಿಯೇ ಅದನ್ನೂ ಸೇರಿಸಿ ನಕಾಶೆ ಹೊಸದಾಗಿ ಮಾಡಿದಳು. ಹತ್ತಿರವಿದ್ದ ಊರುಗಳು ಒಂದೊಂದಾಗಿ ದೂರ ಸರಿದವು. ಇದನ್ನು ಹೇಳಿದರೆ ನೌಕರಿ ಉಳಿಯುತ್ತದೋ ಇಲ್ಲವೋ. ಹೇಳದಿದ್ದರೆ ಆ ಜಾಗದಲ್ಲೇ ಕಟ್ಟಡ ಎದ್ದು ನಿಲ್ಲುತ್ತದೆ.

ಮರುದಿನ ಹಾವೇರಿಯಲ್ಲಿ ನಡೆದ ಸಭೆಯಲ್ಲಿ ಶಂಭುಲಿಂಗ ಅವರ ಮಾತು ಮುಗಿಯುವ ಮೊದಲೇ ಅವಳು ಎದ್ದು ನಿಂತಳು. "ಸರ್, ನನ್ನ ನಕಾಶಿ ತಪ್ಪೈತ್ರಿ."

ಶಂಭುಲಿಂಗ ಅವರ ಮುಖ ಕೆಂಪಾಯಿತು. "ಎಲ್ಲಾರೂ ಒಪ್ಪಿದ ಮ್ಯಾಲ ಹೇಳ್ತೀಯಲ್ಲವಾ?"

"ರಸ್ತೆ ಅಷ್ಟ ಅಳದೀನ್ರಿ ಸರ್, ಬಸ್ ನೋಡಲಿಲ್ಲ. ಹೆಣ್ಮಕ್ಕಳು ಬರಾಕ ಆಗೂದಿಲ್ರಿ." ಅವಳು ಹೊಸ ನಕಾಶೆ ಎತ್ತಿ ತೋರಿಸಿದಳು.

 ಹಿರಿಯ ಸದಸ್ಯೆಯೊಬ್ಬರು ಹೊಸ ನಕಾಶೆ ಕೇಳಿ ತೆಗೆದುಕೊಂಡು, ನಿರ್ಧಾರವನ್ನು ಮುಂದಕ್ಕೆ ಹಾಕಿಸಿದರು.

ಮುಂದಿನ ವಾರಗಳಲ್ಲಿ ಶಂಭುಲಿಂಗ ಅವಳೊಡನೆ ಅಷ್ಟಕ್ಕಷ್ಟೇ. ಗುತ್ತಿಗೆ ಮುಗಿಯುವ ದಿನ ಹತ್ತಿರವಾದಂತೆ ಫೋನು ಸದ್ದಾದರೂ ಅವಳು ಬೆಚ್ಚುತ್ತಿದ್ದಳು. ಕೇಂದ್ರಕ್ಕೆ ರಾಣೆಬೆನ್ನೂರು ಬಸ್ ನಿಲ್ದಾಣದ ಸಮೀಪದ ಹಳೆಯ ಕಟ್ಟಡವೊಂದು ನಿಕ್ಕಿಯಾಯಿತು. ಜಾಗ ಇಕ್ಕಟ್ಟು, ಆಟದ ಬಯಲಿಲ್ಲ. ಕೆಲವರು ಈಗಲೂ ಗೊಣಗುತ್ತಾರೆ.

ಗುತ್ತಿಗೆ ಮುಂದುವರಿಸಿದ ಆದೇಶವನ್ನು ಶಂಭುಲಿಂಗ ಅವರೇ ತಂದು ಮೇಜಿನ ಮೇಲಿಟ್ಟು ಹೋದರು. ನಿರ್ಮಲಾ ಅದನ್ನು ಓದಿ, ಅವ್ವ ಕರೆವ್ವನಿಗೆ ಫೋನು ಮಾಡಿದಳು. ಅತ್ತಲಿಂದ "ಯಾಕವಾ, ಏನಾತು?" ಎಂಬ ಗಾಬರಿಯ ದನಿ ಕೇಳಿದಾಗಲೇ, ತಾನು ಅಳುತ್ತಿರುವುದು ಅವಳಿಗೆ ತಿಳಿದದ್ದು.