ಓಟು ಕೇಳಲು ಹೋದ ಮನೆ

ನಲ್ಲೂರಿನ ಹತ್ತಿರದ ನಮ್ಮೂರಿನಲ್ಲಿ ಅಕ್ಕ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತಾಗ ಹೊನ್ನಾಳಿಯಿಂದ ಸೋದರಮಾವ ಬಂದು ನಮ್ಮಲ್ಲೇ ಉಳಿದರು. ಚುನಾವಣೆಯೆಂದರೆ ಅವರಿಗೆ ಮದುವೆಮನೆಯಷ್ಟೇ ಉಮೇದು.

“ಎಲ್ರಿಗೂ ಕೈ ಮುಗಿ. ಹಿರಿಯರು ಕಂಡ್ರೆ ಕಾಲು ಮುಟ್ಟು. ಬೈದ್ರೂ ನಗ್ತಾ ಇರು. ಬಗ್ಗಿದಷ್ಟೂ ಓಟು ನೋಡವ್ವ,” ಎಂದರು.

ಅಕ್ಕನಿಗೆ ಬಗ್ಗಿ ಅಭ್ಯಾಸವಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ತೋಟ, ಆಳುಕಾಳು ಎಲ್ಲವನ್ನೂ ಒಬ್ಬಳೇ ಸಂಭಾಳಿಸಿದವಳು; ದನಿ ಯಾವಾಗಲೂ ಜೋರು. ಆದರೂ ಮಾವ ಹೇಳಿದಂತೆ ಮನೆಮನೆಗೆ ಹೋಗಿ ಕೈ ಮುಗಿದಳು. ಕರಪತ್ರ ಹಿಡಿದುಕೊಂಡು ನಾನೂ ಮಾವನೂ ಹಿಂದೆಯೇ ಇದ್ದೆವು.

ಊರ ಕೊನೆಯ ಬೀದಿಯಲ್ಲಿ, ಹಿಂದೆ ನಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಅಕ್ಕ ಕಾಲು ಮುಟ್ಟಲು ಬಗ್ಗಿದಳು. ಅವರು ಕಾಲು ಹಿಂದಕ್ಕೆಳೆದುಕೊಂಡರು.

“ಕಾಲು ಬ್ಯಾಡ್ರಿ ಅಕ್ಕೋರೆ. ಅವತ್ತು ಎಲ್ರ ಮುಂದೆ ನನ್ನ ಸೆರಗು ಕೊಡವಿಸಿದ್ರಲ್ಲ, ನೆನಪೈತಾ?”

ನನಗೂ ನೆನಪಿತ್ತು. ಒಣಗಲು ಹಾಕಿದ್ದ ಅಡಿಕೆ ಕಡಿಮೆಯಾಗಿದೆಯೆಂದು ಅಕ್ಕ ಅವರ ಮೇಲೆ ಅನುಮಾನಪಟ್ಟಿದ್ದಳು. ಸೆರಗಿನಿಂದ ಬಿದ್ದದ್ದು ಅವರ ಎಲೆಅಡಿಕೆ ಚೀಲ ಮಾತ್ರ. ಮರುದಿನದಿಂದ ಅವರು ಬರಲಿಲ್ಲ. ಅಕ್ಕ ಕರೆಯಲೂ ಇಲ್ಲ.

ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಮಾವ ನಗುತ್ತಾ ಮುಂದೆ ಬಂದರು. “ಹಳೇದೆಲ್ಲಾ ಈಗ್ಯಾಕೆ ತಾಯಿ...”

“ನೀವು ಸುಮ್ಕಿರ್ರಿ ಮಾವ,” ಎಂದ ಅಕ್ಕ ಆ ಹೆಂಗಸಿನ ಪಕ್ಕ ಕೂತಳು. “ನೆನಪೈತೆ. ತಪ್ಪು ನಂದೇ. ಅವತ್ತೇ ಬಂದು ಹೇಳಬೇಕಿತ್ತು.”

“ಓಟಿಗೋಸ್ಕರ ಹೇಳ್ತಿದೀರೇನು?”

“ಬಂದಿದ್ದು ಓಟಿಗೇನೇ. ಓಟಿಲ್ದಿದ್ರೆ ಬರ್ತಿದ್ನೋ ಇಲ್ವೋ, ಸುಳ್ಳು ಹೇಳಲ್ಲ. ಓಟು ನಿಮಗೆ ಬೇಕಾದೋರಿಗೆ ಹಾಕ್ರಿ.”

ಅಕ್ಕನ ದನಿ ಅಷ್ಟು ತಗ್ಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಆ ಹೆಂಗಸು ಮತ್ತೆ ಸೊಪ್ಪು ಬಿಡಿಸತೊಡಗಿದರು. ದಾರಿಯುದ್ದಕ್ಕೂ ಮಾವ ಗೊಣಗಿದರು: “ಅಷ್ಟು ಜನರ ಮುಂದೆ ಒಪ್ಕೊಂಡ್ರೆ ಗೆಲ್ಲಾಕೆ ಆಗುತ್ತೇನೇ?”

ಗೆಲ್ಲಲಿಲ್ಲ. ಎಣಿಕೆಯ ದಿನ ಸಂಜೆಯೇ ಮಾವ ಹೊನ್ನಾಳಿ ಬಸ್ಸು ಹತ್ತಿದರು. ಮಾರನೆಯ ಬೆಳಿಗ್ಗೆ ಅಕ್ಕ ಚಪ್ಪಲಿ ಮೆಟ್ಟುತ್ತಾ, “ಬಾ, ಹೋಗಿ ಬರಾಣ. ಓಟು ಕೇಳಾಕೆ ಹೋಗಿದ್ವಲ್ಲ, ಉಪಕಾರ ಆಯ್ತು ಅಂತ ಹೇಳಾಕೂ ಹೋಗಬೇಕು,” ಎಂದಳು. ಕೆಲವರು ಮುಖ ತಪ್ಪಿಸಿದರು, ಕೆಲವರು ಒಳಗೆ ಕರೆದರು.

ಕೊನೆಯ ಬೀದಿಯ ಆ ಹೆಂಗಸು ಟೀ ತಂದಿಟ್ಟರು. “ನಾನು ನಿಮಗೆ ಹಾಕ್ಲಿಲ್ಲ,” ಎಂದರು.

“ಆಗ್ಲಿ ಬಿಡ್ರಿ,” ಎಂದು ಅಕ್ಕ ಲೋಟ ತೆಗೆದುಕೊಂಡಳು.

ಮಾತು ಮನೆಯ ಮುಂದೆ ಕಟ್ಟಿಕೊಂಡಿದ್ದ ಚರಂಡಿಯತ್ತ ಹೊರಳಿತು. ಯಾರಿಗೆ ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ ಎಂದರು ಅವರು. ಅಕ್ಕ ಟೀ ಮುಗಿಸಿ ಎದ್ದಳು.

“ಬರ್ರಿ, ಗೆದ್ದೋರ ಮನೆಗೆ ಇಬ್ರೂ ಹೋಗಿ ಕೇಳಾಣ.”

ಅವರು ಬಾಗಿಲೆಳೆದುಕೊಂಡು ಬಂದರು. ಅಕ್ಕ ಅವರ ನಡಿಗೆಗೆ ತಕ್ಕಂತೆ ನಿಧಾನವಾಗಿ ಹೆಜ್ಜೆ ಹಾಕಿದಳು.