ಫಾಲ್ ಹಚ್ಚಿದ ಸೀರೆ ವಾಪಸ್ ಇಲ್ಲ

ಹೋದ ತಿಂಗಳು ನಾನೊಂದು ವಿಮಾ ಕಂಪನಿಯನ್ನು ದಿವಾಳಿ ಎಬ್ಬಿಸಿದೆ.

ಗಾಬರಿಯಾಗಬೇಡಿ, ನಿಮ್ಮ ಪಾಲಿಸಿಗೆ ಏನೂ ಆಗಿಲ್ಲ. ನನ್ನ ಕಂಪನಿಗೆ ಆಫೀಸಿಲ್ಲ, ಬೋರ್ಡಿಲ್ಲ, ಟೋಲ್ ಫ್ರೀ ನಂಬರಂತೂ ಇಲ್ಲವೇ ಇಲ್ಲ. ಹುಬ್ಬಳ್ಳಿ ಗೋಪನಕೊಪ್ಪದ ನಮ್ಮ ಓಣಿಯ ಹನ್ನೊಂದು ಹೆಣ್ಣುಮಕ್ಕಳು ಸೇರಿ ಮಾಡಿಕೊಂಡ ಆರೋಗ್ಯ ನಿಧಿ ಅದು. ತಿಂಗಳಿಗೆ ತಲಾ ಐನೂರು ರೂಪಾಯಿ. ಯಾರಾದರೂ ಆಸ್ಪತ್ರೆ ಸೇರಿದರೆ ಅದರಿಂದ ಖರ್ಚು. ಅಧ್ಯಕ್ಷೆ, ಖಜಾಂಚಿ ಎಲ್ಲಾ ನಾನೇ. (ಪೇಪರಿಗೆ ಬರೆಯುತ್ತಾಳೆ ಎಂದು ಗೊತ್ತಾದರೆ ಸಾಕು, ಓಣಿಯ ಇಲ್ಲದ ಉಸಾಬರಿಯೆಲ್ಲ ಕೊರಳಿಗೆ ಬೀಳುತ್ತದೆ.)

ಇದೆಲ್ಲ ಶುರುವಾದದ್ದು ನನ್ನ ಸಿಟ್ಟಿನಿಂದ. ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿಸಿಕೊಂಡ ಕಂಪನಿಯೊಂದು ನಮ್ಮ ಯಜಮಾನರ ಮೊಣಕಾಲಿನ ಆಪರೇಷನ್‌ಗೆ ಅರ್ಧ ಕ್ಲೇಮ್ ಕತ್ತರಿಸಿ ಕೈತೊಳೆದುಕೊಂಡಿತು. ಮರುವರ್ಷ ಪ್ರೀಮಿಯಂ ಮಾತ್ರ ಏರಿತ್ತು. ಇವರ ಕೈಕಾಲು ಹಿಡಿಯುವ ಬದಲು ನಾವೇ ಯಾಕೆ ಮಾಡಿಕೊಳ್ಳಬಾರದು? ತಿಂಗಳಾ ರೊಕ್ಕ ಹಾಕಿ, ಚೀಟಿ ಎತ್ತಿ, ಭಿಶಿ ನಡೆಸಿದ ಹೆಣ್ಣುಮಕ್ಕಳಿಗೆ ಇದೇನು ಮಹಾ?

ಮಹಾ ಏನೂ ಅನಿಸಲಿಲ್ಲ. ಒಂದೂವರೆ ವರ್ಷ ನಿಧಿ ಬೆಳೆಯಿತು. ಹತ್ತಿರ ಹತ್ತಿರ ಒಂದು ಲಕ್ಷ ಆಯಿತು. ಒಬ್ಬರೂ ಒಂದು ರೂಪಾಯಿ ಕೇಳಲಿಲ್ಲ. ನಮ್ಮ ಓಣಿಯ ನೀರೇ ಅಂಥದ್ದು, ಯಾರಿಗೂ ಜಡ್ಡೇ ಬರುವುದಿಲ್ಲ ಎಂದು ನಾನು ಊರೆಲ್ಲಾ ಹೇಳಿಕೊಂಡು ಬಂದೆ.

ಆಮೇಲೆ ದಸರಾ ಬಂತು. ನಮ್ಮ ಮನೆಯಲ್ಲಿ ಸಭೆ. ಗಿರ್ಮಿಟ್ ತಿನ್ನುತ್ತ ನನ್ನ ಬಾಯಿಂದ ಆ ಮಾತು ಬಂತು: “ರೊಕ್ಕ ಸುಮ್ಮನ ಬಿದ್ದೈತಿ. ಎಲ್ಲಾರೂ ಒಂದ ಬಣ್ಣದ ಇಳಕಲ್ ಸೀರಿ ತಗೊಂಡ್ರ ಹೆಂಗ?”

ಚಪ್ಪಾಳೆಯೋ ಚಪ್ಪಾಳೆ. ತಟ್ಟದವರು ಒಬ್ಬರೇ, ಗಿರಿಜಾ ಮೇಡಂ. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು.

“ಆ ರೊಕ್ಕ ಮುಟ್ಟಬ್ಯಾಡ್ರಿ,” ಎಂದರು. “ಕಂಪನಿಗೂ ಸಾಲ್ವೆನ್ಸಿ ಅಂತ ಒಂದು ಕಟ್ಟಳೆ ಇರ್ತೈತ್ರಿ. ಜನಕ್ಕ ಕೊಡೂದನ್ನೆಲ್ಲಾ ತಗದು, ಅದರ ಮ್ಯಾಲೆ ಇಷ್ಟರ ಉಳಿದಿರಬೇಕು ಅಂತ ಸರ್ಕಾರದವರು ಗೆರಿ ಹೊಡದಿರ್ತಾರ. ಆ ಗೆರಿಗೂ ಒಂದೂವರಿ ಪಟ್ಟು ಇಟ್ಟಿರಬೇಕು. ಕಡಿಮಿ ಬಿತ್ತಂದ್ರ ಕಂಪನಿ ಕಿವಿ ಹಿಂಡ್ತಾರ.”

“ಆದ್ರ ಯಾರೂ ಕೇಳೇ ಇಲ್ಲಲ್ರಿ ಮೇಡಂ?”

“ಕೇಳಿಲ್ಲ ಅಂದ್ರ ಬ್ಯಾಡಾಗೈತಿ ಅಂತ ಅಲ್ರಿ.”

“ನೀವು ಆಫೀಸ್ ಬಿಟ್ರೂ ಆಫೀಸ್ ನಿಮ್ಮನ್ನ ಬಿಟ್ಟಿಲ್ಲ ನೋಡ್ರಿ!” ಎಂದೆ. ಎಲ್ಲರೂ ನಕ್ಕರು. ಮೇಡಂ ಕೂಡ ಸಣ್ಣಗೆ ನಕ್ಕು ಚಹಾದ ಕಪ್ಪು ಕೆಳಗಿಟ್ಟರು. ಈಗ ನೆನೆಸಿಕೊಂಡರೆ ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಅನಿಸುತ್ತದೆ.

ಮರುದಿನ ಹಳೇ ಹುಬ್ಬಳ್ಳಿಯ ಗಲ್ಲಿಯೊಂದರ ಅಂಗಡಿಗೆ ದಂಡೆತ್ತಿ ಹೋದೆವು. ಹನ್ನೊಂದು ಸೀರೆ, ಒಂದಕ್ಕೆ ಏಳು ಸಾವಿರ. ಆಮೇಲೆ ಒಂದು ಊಟ, ಒಂದು ಗ್ರೂಪ್ ಫೋಟೊ. ನಿಧಿಯಲ್ಲಿ ಉಳಿದದ್ದು ಹದಿನಾರು ಸಾವಿರ.

ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ಶಾರದಕ್ಕ ಬಾಗಿಲಿಗೆ ಬಂದರು. ಶಾರದಕ್ಕ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವವರು. ನಮ್ಮ ಭಾಗದ ಅರ್ಧ ಹೋಟೆಲ್‌ಗಳಿಗೆ ಅವರದೇ ರೊಟ್ಟಿ. ನಿಧಿಗೆ ಪ್ರತಿ ತಿಂಗಳು ಮೊದಲ ಐನೂರು ತಂದುಕೊಡುತ್ತಿದ್ದವರೂ ಅವರೇ.

ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಸೆರಗು ತಿರುವುತ್ತ ಹೇಳಿದರು: “ಮೇಡಂ, ತಪ್ಪು ತಿಳಕೋಬ್ಯಾಡ್ರಿ. ಗರ್ಭಕೋಶ ತಗಸಬೇಕಂತ್ರಿ. ಎಂಬತ್ತೈದು ಸಾವಿರ ಹೇಳ್ಯಾರ. ನಿಧಿಯಾಗಿಂದು ಸ್ವಲ್ಪ...”

“ಯಾವಾಗಿಂದ ತ್ರಾಸು ಶಾರದಕ್ಕ?”

“ವರ್ಷಾತ್ರಿ. ರಕ್ತಾ ಭಾಳ ಹೋಗತಿತ್ತು.”

“ವರ್ಷಾತು? ಮತ್ತ ಅವಾಗ ಯಾಕ ಹೇಳಲಿಲ್ಲ?”

“ಹೆಂಗ್ ಕೇಳೂದ್ರಿ? ನನಕಿಂತ ತ್ರಾಸನ್ಯಾಗ ಇದ್ದವರಿಗೆ ಆಗ್ಲಿ ಅಂತ ಬಿಟ್ಟೆ. ಮೊದಲ ಕೇಳಿದಾಕಿ ಅನ್ನಿಸ್ಕೊಳ್ಳಾಕ ನಾಚಿಕಿ ಬಂತ್ರಿ.”

(ಸರ್ಕಾರಿ ಕಾರ್ಡ್ ಇದೆಯಲ್ಲ ಅಂತೀರಾ? ಇದೆ. ಸರದಿಯೂ ಇದೆ. ಇನ್ನು ತಡಮಾಡಬೇಡಿ ಅಂದಿದ್ದರು ಡಾಕ್ಟರು.)

ಸಂಜೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ ಕೇಳಿದೆ. ಒಬ್ಬರು ಡೆಂಗೀ ಆಗಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರಂತೆ. ತವರಿಗೆ ಹೋಗಿದ್ದೆ ಎಂದು ನಮಗೆ ಹೇಳಿದ್ದರು! ಇನ್ನೊಬ್ಬರು ಕಿವಿಯ ಆಪರೇಷನ್ ಮಾಡಿಸಿಕೊಂಡು ಅಣ್ಣನ ಹತ್ತಿರ ಕೈಗಡ ತಂದಿದ್ದರು. ಎಲ್ಲರದೂ ಒಂದೇ ಮಾತು: “ನಾನ ಮೊದಲ ಹೆಂಗ್ ಕೇಳ್ಲಿ?” ನಮ್ಮ ಮಂದಿ ಹೀಗೇ. ಪಂಕ್ತಿಯಲ್ಲಿ ಕೂತು ಹಸಿದು ಸತ್ತರೂ ಇನ್ನೊಂದು ರೊಟ್ಟಿ ಕೇಳುವುದಿಲ್ಲ. ಆ ಸಂಕೋಚವನ್ನು ನಾನು ಆರೋಗ್ಯ ಎಂದು ತಿಳಿದು ಸೀರೆ ಖರೀದಿಸಿದ್ದೆ.

ಮರುದಿನ ಇನ್ನೂ ಯಾರೂ ಉಡದಿದ್ದ ಆರು ಸೀರೆ ಹೊತ್ತುಕೊಂಡು ಅಂಗಡಿಗೆ ಹೋದೆ. ನನ್ನದನ್ನಂತೂ ಒಮ್ಮೆಯೂ ಉಟ್ಟು ಘಡಿ ಮುರಿದಿರಲಿಲ್ಲ. ಅಂಗಡಿಯವರು ಅಂಚು ತಿರುವಿ ನೋಡಿ ತಲೆ ಅಲ್ಲಾಡಿಸಿದರು. “ಫಾಲ್ ಹಚ್ಚಿದ್ದು ವಾಪಸ್ ತಗೊಳ್ಳೂದಿಲ್ರಿ ಅಕ್ಕಾರ.” ಪಾಪ, ಅವರದೇನು ತಪ್ಪು? ಫಾಲ್ ಹಚ್ಚಿಸಲು ಅಷ್ಟು ಅವಸರ ಮಾಡಿದವಳು ನಾನೇ.

ನಾನೇನು ಇನ್ಶೂರೆನ್ಸ್ ಕಂಪನಿಗಳ ವಕೀಲಳಲ್ಲ. ಮೊಣಕಾಲಿನ ಅರ್ಧ ಕ್ಲೇಮ್ ಇನ್ನೂ ನನ್ನ ಹೊಟ್ಟೆ ಉರಿಸುತ್ತದೆ. ಆದರೆ ಇಷ್ಟು ವರ್ಷ ನನಗೆ ಒಂದೇ ಪ್ರಶ್ನೆ ಇತ್ತು: ಕ್ಲೇಮ್ ಕೊಟ್ಟರೋ ಇಲ್ಲವೋ? ಕೊಡಲು ಅವರ ಹತ್ತಿರ ಇದೆಯೋ ಇಲ್ಲವೋ ಎಂದು ಒಮ್ಮೆಯಾದರೂ ಕೇಳಿದ್ದೆನೇ? ನೀವು ಕೇಳಿದ್ದೀರಾ? ಪಾಲಿಸಿ ತೆಗೆದುಕೊಳ್ಳುವಾಗ ರೂಮ್ ಬಾಡಿಗೆ ಕೇಳುತ್ತೇವೆ, ಯಾವ ಯಾವ ಆಸ್ಪತ್ರೆ ಎಂದು ಕೇಳುತ್ತೇವೆ, ಏಜೆಂಟ್ ಕೊಡುವ ಕ್ಯಾಲೆಂಡರ್ ಕೂಡ ಬಿಡುವುದಿಲ್ಲ. ಸಾಲ್ವೆನ್ಸಿ ಎಷ್ಟು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಅದು ಕಂಪನಿಯವರು ತಾವೇ ಹೇಳಬೇಕಾದ, ಬಹಿರಂಗವಾಗಿ ಸಿಗುವ ಲೆಕ್ಕವಂತೆ. ಗಿರಿಜಾ ಮೇಡಂ ಹೇಳಿದರು. ಈ ಸಲ ನಾನು ನಗಲಿಲ್ಲ.

ಉಳಿದಿದ್ದ ಹದಿನಾರು ಸಾವಿರವನ್ನು ಶಾರದಕ್ಕನಿಗೆ ಕೊಟ್ಟೆ, ತೆಗೆದುಕೊಂಡರು. ಅದರ ಮೇಲೆ ನನ್ನದೊಂದು ಇಪ್ಪತ್ತು ಸಾವಿರ ಇಟ್ಟೆ. ಅದನ್ನು ಎತ್ತಿ ನನ್ನ ಕೈಗೇ ಕೊಟ್ಟರು.

“ನಿಧೀದು ಆದ್ರ ನನ್ನ ಹಕ್ಕ್ರಿ. ಇದು ನಿಮ್ಮ ಮನೀದು. ಬ್ಯಾಡ್ರಿ.”

ಬಡಿಯುವ ರೊಟ್ಟಿಯಂತೆಯೇ ನೇರ ಮಾತು. ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಕಳೆದದ್ದು ಬರೀ ರೊಕ್ಕವಲ್ಲ, ಶಾರದಕ್ಕ ತಲೆ ಎತ್ತಿ ಕೇಳಬಹುದಾಗಿದ್ದ ಒಂದೇ ಜಾಗ ಎಂದು ಅರ್ಥವಾದದ್ದು ಆಗಲೇ. ತುಂಬಾ ಬೇಜಾರಾಯಿತು. ಇನ್ನೂ ಹೋಗಿಲ್ಲ.

ಆಪರೇಷನ್ ಆಯಿತು, ಚೆನ್ನಾಗಿ ಆಯಿತು. ಮೊನ್ನೆ ಮಧ್ಯಾಹ್ನ ನೋಡಲು ಹೋಗಿದ್ದೆ. ಮಂಚದ ಮೇಲೆ ಸಣ್ಣಗಾಗಿ ಮಲಗಿದ್ದರು. ಕೈಯಲ್ಲಿ ಎರಡೇ ಗಾಜಿನ ಬಳೆ. ಚಿನ್ನದವು ಬ್ಯಾಂಕಿಗೆ ಅಡವು ಹೋಗಿದ್ದವು. ಮೂರು ತಿಂಗಳು ರೊಟ್ಟಿ ಬಡಿಯುವಂತಿಲ್ಲ ಎಂದಿದ್ದಾರೆ ಡಾಕ್ಟರು. ತಂದ ಮೋಸಂಬಿ ಎಲ್ಲಿಡಬೇಕು ಎಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದೆ.

ಹೊರಡುವಾಗ ಶಾರದಕ್ಕ ನನ್ನ ಕೈ ಹಿಡಿದುಕೊಂಡರು.

“ಮೇಡಂ, ಈ ತಿಂಗಳದ್ದು ನನ್ನ ಐದನೂರು ಸ್ವಲ್ಪ ತಡಾ ಆಗ್ತೈತ್ರಿ. ಸಿಟ್ಟಾಗಬ್ಯಾಡ್ರಿ.”

ಮುಳುಗಿದ ಕಂಪನಿಗೂ ಕಂತು ಕಟ್ಟುತ್ತೇನೆ ಎನ್ನುವವರಿಗೆ ನಾನು ಯಾವ ಮುಖ ತೋರಿಸಲಿ, ಹೇಳಿ?