ಪಿಸ್ತೂಲಿಗೆ ಹಚ್ಚುವ ಕಾಡಿಗೆ

ನಮ್ಮ ಮನೆಯ ಪಾತ್ರೆಗಳ ಪೈಕಿ ಒಂದು ಹಿತ್ತಾಳೆಯ ತಟ್ಟೆಗೆ ಮಾತ್ರ ಪೂರ್ಣ ಶುಚಿತ್ವದ ಯೋಗವಿಲ್ಲ. ಮುಖ ಬಂಗಾರದ ಹಾಗೆ ಹೊಳೆಯುತ್ತದೆ, ಬೆನ್ನು ಮಾತ್ರ ಅಮಾವಾಸ್ಯೆ. ಹುಣಸೆಹುಳಿ, ಬೂದಿ, ಹಿಂಡಿದ ನಿಂಬೆಯ ಸಿಪ್ಪೆ, ಟಿವಿಯಲ್ಲಿ ಪವಾಡ ಮಾಡಿ ತೋರಿಸುವ ಹಸಿರು ಸಾಬೂನು, ಎಲ್ಲವೂ ಅದರೆದುರು ಸೋತು ಶರಣಾಗಿವೆ. ಪಾತ್ರೆ ತಿಕ್ಕಲು ಬರುವ ಸುನಂದಾಬಾಯಿ ಆಗಾಗ ಅದನ್ನು ನನ್ನ ಮುಖದೆದುರು ಎತ್ತಿ ಹಿಡಿದು, "ವಹಿನಿ, ಹೇ ಕಾಳಂ ಕಾಹೀ ಜಾತ್ ನಾಹೀ" ಎಂದು, ಆ ಹೋಗದ ಕಪ್ಪು ನನ್ನ ನಡತೆಯದೇ ಎಂಬ ಧಾಟಿಯಲ್ಲಿ ನಿಟ್ಟುಸಿರು ಬಿಡುತ್ತಾಳೆ. ಅದಕ್ಕೆ ಕಾರಣ ನನ್ನ ಪಿಸ್ತೂಲು ಎಂದರೆ ಅವಳು ನಂಬುವುದಿಲ್ಲ, ನೀವೂ ನಂಬಲಿಕ್ಕಿಲ್ಲ.

ಗಾಬರಿ ಬೇಡ. ವಿಲೆ ಪಾರ್ಲೆಯ ಒಂದು ಹಳೆಯ ಬಿಲ್ಡಿಂಗಿನಲ್ಲಿ ಮಜ್ಜಿಗೆಹುಳಿ, ಬಸಳೆಸಾರು ಎಂದು ಕಾಲಯಾಪನೆ ಮಾಡುತ್ತಿರುವ, ಜಿರಳೆ ಕಂಡರೆ ಸ್ಟೂಲು ಹತ್ತುವ ಮಧ್ಯವಯಸ್ಸಿನ ಗೃಹಿಣಿ ನಾನು. ನನ್ನ ಪಿಸ್ತೂಲಿನಿಂದ ಈವರೆಗೆ ಹತವಾದದ್ದು ಕಾಗದ ಮಾತ್ರ. ಪಾಯಿಂಟ್ ಟೂ ಟೂ ಎಂದು ಕರೆಯುವ, ಕಡಲೆಬೀಜದಷ್ಟು ದಪ್ಪದ ಗುಂಡು ಹಾರಿಸುವ, ಗುರಿಯಾಟಕ್ಕೆಂದೇ ಹುಟ್ಟಿದ ಹಳೆಯ ಜರ್ಮನ್ ಪಿಸ್ತೂಲು ಅದು. ಉದ್ದ ನಳಿಗೆ, ಆಕ್ರೋಟ್ ಮರದ ಹಿಡಿ, ಸಾಸಿವೆ ಸಿಡಿದಂತೆ ಒಂದು ಸಣ್ಣ ಸದ್ದು, ಆಮೇಲೆ ದೀಪಾವಳಿಯ ಬೆಳಗಿನ ವಾಸನೆ. ಇಷ್ಟೇ ಅದರ ಪರಾಕ್ರಮ.

ಅದು ನನ್ನ ಕೈಗೆ ಬಂದದ್ದು ಕಾಫಿಯ ದೆಸೆಯಿಂದ. ಸ್ಟೇಷನ್ನಿನ ಬಳಿ ನಮ್ಮವರದೊಂದು ಚಿಕ್ಕ ಹೋಟೆಲು. ಪ್ರತಿ ಭಾನುವಾರ ಅಲ್ಲಿಗೆ ಇಡ್ಲಿ ತಿನ್ನಲು ಬರುತ್ತಿದ್ದ ರೂಸಿ ಕಾಕಾ ಎಂಬ ಪಾರ್ಸಿ ವೃದ್ಧರು, ಗಲ್ಲಾದಲ್ಲಿ ಕೂತ ನಮ್ಮವರೊಡನೆ ಮಾತಿಗೆ ಮಾತು ಬೆಳೆದು, ನಾನು ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹೊಡೆದವಳೆಂಬ ಪುರಾತನ ಸಂಗತಿಯನ್ನು ಪತ್ತೆಹಚ್ಚಿಬಿಟ್ಟರು. ಮುಂದಿನ ಭಾನುವಾರವೇ ನನ್ನನ್ನು ಗುರಿಯಾಟದ ರೇಂಜಿಗೆ ಕರೆದೊಯ್ದರು. ಮದುವೆಯಾದ ಮೇಲೆ ಸೌಟಿನ ಹೊರತು ಬೇರಾವ ಆಯುಧವನ್ನೂ ಹಿಡಿಯದ ಕೈಗೆ ಆ ಪಿಸ್ತೂಲನ್ನು ಇತ್ತು, "ದೀಕ್ರಾ, ಟಾರ್ಗೆಟ್ ಕೋ ಭೂಲ್ ಜಾ" ಎಂದರು.

ಗುರಿಯನ್ನೇ ಮರೆ ಎನ್ನುವ ಗುರು! ಮರದ ಮೇಲಿನ ಹಕ್ಕಿಯ ಕಣ್ಣೊಂದೇ ಕಾಣಬೇಕೆಂದು ಬಾಲ್ಯದಲ್ಲಿ ಕಥೆ ಕೇಳಿ ಬೆಳೆದವಳಿಗೆ ಇದು ಅಪಸಿದ್ಧಾಂತವಾಗಿ ತೋರಿತು. ಆದರೆ ಪಿಸ್ತೂಲಿನ ಧರ್ಮವೇ ಬೇರೆ. ನಳಿಗೆಯ ತುದಿಯಲ್ಲಿ ಒಂದು ಪುಟ್ಟ ಕಡ್ಡಿ ನಿಂತಿರುತ್ತದೆ. ಕಣ್ಣಿಗೆ ನಿಚ್ಚಳವಾಗಿ ಕಾಣಬೇಕಾದದ್ದು ಅದು. ದೂರದ ಕಪ್ಪು ವೃತ್ತ ಮಂಜಿನಲ್ಲಿ ಮುಳುಗಿದ ಹಾಗೆ ಮಸುಕಾಗಿಯೇ ಇರಬೇಕು. ಮನುಷ್ಯಸ್ವಭಾವ ಇದಕ್ಕೆ ಒಗ್ಗುವುದಿಲ್ಲ. ಕಣ್ಣು ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೆ ಓಡುತ್ತದೆ, ಗುಂಡು ಎಲ್ಲಿಗೋ ಹೋಗುತ್ತದೆ. ಹತ್ತಿರದ್ದನ್ನು ನೆಟ್ಟಗೆ ಹಿಡಿದರೆ ದೂರದ್ದು ತನ್ನಷ್ಟಕ್ಕೆ ಒದಗುತ್ತದೆಂಬುದು ನನಗೆ ಮನದಟ್ಟಾಗುವ ಹೊತ್ತಿಗೆ ಮಗಳು ಹೈಸ್ಕೂಲು ಸೇರಿದ್ದಳು.

ಕಾಕಾರ ಕಣ್ಣು ಮಂಜಾದಾಗ, ಠಾಣೆ-ಪರವಾನಗಿಗಳ ಪ್ರದಕ್ಷಿಣೆಯೆಲ್ಲ ಮುಗಿದು ಪಿಸ್ತೂಲು ನನ್ನದಾಯಿತು. ಅವರ ಅಗಲ ಅಂಗೈಗೆ ಸವೆದಿದ್ದ ಹಿಡಿಗೆ ಅವರೇ ಮರದ ಪುಟ್ಟಿ ಮೆತ್ತಿ, ಉಜ್ಜಿ, ನನ್ನ ಕೈಯ ಅಳತೆಗೆ ತಂದುಕೊಟ್ಟರು. ಷರತ್ತು ಒಂದೇ: "ಕಡ್ಡಿ ಎರಡಾಗಿ ಕಾಣಲು ಶುರುವಾದ ದಿನ ಹೊಡೆಯುವವರ ಕೈಗೆ ಕೊಡು. ಕಪಾಟಿನಲ್ಲಿ ಕೂಡಿಹಾಕಬೇಡ." ಆಗ ನಾನು ನಕ್ಕಿದ್ದೆ. ಒಂದು ಎರಡಾಗುವುದು ಬೇರೆಯವರ ಕಣ್ಣಿಗೆ ಎಂಬ ವಯಸ್ಸು ಅದು.

ಪಿಸ್ತೂಲು ಸಂಸಾರದೊಳಗೆ ಬಂದರೆ ಅದಕ್ಕೂ ಅತ್ತೆಕಾಟ ತಪ್ಪುವುದಿಲ್ಲ. ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು ಅರ್ಧ ಶತಮಾನ ಕಳೆದರೂ ತುಳುವಿನ ಒಂದಕ್ಷರ ಬಿಟ್ಟುಕೊಡದ ನಮ್ಮತ್ತೆ ಅದನ್ನು ಪಿಸ್ತೂಲು ಎಂದು ಒಮ್ಮೆಯೂ ಕರೆದವರಲ್ಲ. ಊರಿನಲ್ಲಿ ಕೋವಿಗೆ ಹೇಳುವ 'ಬೆಡಿ' ಎಂದೇ ಅವರ ಸಂಬೋಧನೆ. "ಹೆಣ್ಣುಮಕ್ಕಳ ಕೈಗೆ ಬೆಡಿ ಎಂತಕ್ಕೆ ಮಾರಾಯ್ತಿ? ನಿನ್ನ ನಾಲಗೆ ಸಾಲುವುದಿಲ್ಲವಾ?" ಎಂದು ನೆಂಟರೆದುರು ಕೇಳುತ್ತಿದ್ದರು. ಆದರೂ ಆಯುಧಪೂಜೆಯ ದಿನ ಕತ್ತಿ, ತುರಿಮಣೆ, ಮಿಕ್ಸಿಗಳ ಸಾಲಿನಲ್ಲಿ ಅದಕ್ಕೊಂದು ಜಾಗ ಬಿಟ್ಟು ಸೇವಂತಿಗೆ ಇಡುವುದನ್ನು ತಪ್ಪಿಸುತ್ತಿರಲಿಲ್ಲ.

ಚುನಾವಣೆ ಬಂತೆಂದರೆ ಪರವಾನಗಿಯ ಆಯುಧಗಳನ್ನು ಠಾಣೆಯಲ್ಲಿ ಒಪ್ಪಿಸಿ ಬರಬೇಕೆಂಬ ಕರೆ ಬರುವುದುಂಟು. ಬೀಗ ಹಾಕಿದ ಪೆಟ್ಟಿಗೆಯನ್ನು ಹಿಡಿದು ನಾನು ಮುಂದೆ, ಕೊತ್ತಂಬರಿಸೊಪ್ಪಿನ ಚೀಲ ಹಿಡಿದು ನಮ್ಮವರು ಹಿಂದೆ. ಹವಾಲ್ದಾರರು ನನ್ನನ್ನು ದಾಟಿ ಅವರತ್ತ ನೋಡಿ, "ಬೋಲಾ ಸಾಹೇಬ್" ಎನ್ನುತ್ತಾರೆ. ನಮ್ಮವರು ಚೀಲವನ್ನು ತುಸು ಎತ್ತಿ ತೋರಿಸಿ, "ಮೇರಾ ತೋ ಸಿರ್ಫ್ ಯೇ ಹೈ" ಎನ್ನುತ್ತಾರೆ. ಮುಂಬಯಿಯ ಮಳೆಗಾಲದಲ್ಲಿ ಠಾಣೆಯ ಕೋಣೆಯೊಳಗೆ ಅದಕ್ಕೆ ತುಕ್ಕು ಹಿಡಿದೀತೆಂದು ನಾನು, ಮಗುವನ್ನು ಹಾಸ್ಟೆಲಿಗೆ ಬಿಟ್ಟವಳಂತೆ, ಎಣ್ಣೆ ಸವರಿ ಹಳೆಯ ಪಂಚೆಯಲ್ಲಿ ಸುತ್ತಿ ಕಳಿಸುತ್ತಿದ್ದೆ.

ಇನ್ನು ತಟ್ಟೆಯ ಕಥೆ. ತುದಿಯ ಕಡ್ಡಿ ಬೆಳಕಿಗೆ ಹೊಳೆದರೆ ಕಣ್ಣು ಮೋಸಹೋಗುತ್ತದೆ. ಆದ್ದರಿಂದ ಅದಕ್ಕೆ ಮಸಿ ಬಳಿಯುವುದು ಹಳಬರ ಪದ್ಧತಿ. ಕಾಕಾ ಮೇಣದಬತ್ತಿಯ ಹೊಗೆಗೆ ಹಿಡಿಯುತ್ತಿದ್ದರು. ರೇಂಜಿನಲ್ಲಿ ಬೆಂಕಿ ಹಚ್ಚಬಾರದೆಂದು ಆದಮೇಲೆ ಮನೆಯಿಂದಲೇ ಮಸಿ ಒಯ್ಯಬೇಕಾಯಿತು. ಮೊದಲ ದೊಡ್ಡ ಸ್ಪರ್ಧೆಯ ಮುನ್ನಾದಿನ ಅಳುಕುತ್ತಲೇ ಅತ್ತೆಯನ್ನು ಕೇಳಿದೆ.

"ಬೆಡಿಗೂ ಕಾಡಿಗೆ ಬೇಕಾ? ಅದಕ್ಕೇನು ದೃಷ್ಟಿಯಾಗುತ್ತದಾ?" ಎಂದು ನಕ್ಕರು. ಮರುಕ್ಷಣ ಏನೆನ್ನಿಸಿತೋ, ದೀಪ ಹಚ್ಚಿ, ಉರಿಗೆ ತಟ್ಟೆಯ ಬೆನ್ನೊಡ್ಡಿ, ಮೊಮ್ಮಗಳಿಗೆ ಮಾಡುತ್ತಿದ್ದ ಶ್ರದ್ಧೆಯಲ್ಲೇ ಕಾಡಿಗೆ ಹಿಡಿದು, ತಂಪಿಗೆಂದು ಊರಿನಿಂದ ಬಂದ ತುಪ್ಪ ಬೆರೆಸಿ, ಬೆಳ್ಳಿಯ ಭರಣಿಯಲ್ಲಿ ತುಂಬಿ ಕೊಟ್ಟರು. ಮರುದಿನ ರೇಂಜಿನ ದೀಪಗಳ ಕೆಳಗೆ ಆ ಕಡ್ಡಿ, ತುಪ್ಪದ ಕೃಪೆಯಿಂದ, ಮದುಮಗಳ ಮೂಗುಬೊಟ್ಟಿನ ಹಾಗೆ ಥಳಥಳಿಸಿತು. ನಾನು ಹೊಡೆದ ಗುಂಡುಗಳು ಎಲ್ಲಿಗೆ ಹೋದವೆಂಬುದನ್ನು ಪಕ್ಕದ ಸ್ಪರ್ಧಾಳುವಿನ ಕಾಗದ ಮಾತ್ರ ಹೇಳಬಲ್ಲದು. ಕಾಕಾ ಭರಣಿಯ ವಾಸನೆ ನೋಡಿ, "ಯೇ ತೋ ರೋಟಿ ಪೇ ಲಗಾನೇ ಕಾ ಹೈ!" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಮನೆಗೆ ಬಂದು ಹೇಳಿದಾಗ ಅತ್ತೆ ನಗಲಿಲ್ಲ. "ಹಾಗಾದರೆ ಕರ್ಪೂರದ ಒಣಮಸಿ ಆಗಬೇಕು" ಎಂದರು. ಅಂದಿನಿಂದ ಇಕ್ಕಳದಲ್ಲಿ ತಟ್ಟೆ ಹಿಡಿದು, ಕರ್ಪೂರದ ಉರಿ ತಗ್ಗಿದಂತೆ ತಟ್ಟೆಯನ್ನೂ ತಗ್ಗಿಸುತ್ತ, ಅಲುಗದೆ ಮಸಿ ಹಿಡಿದುಕೊಡುವುದು ಅವರ ಕೆಲಸವಾಯಿತು. ಒಮ್ಮೆಯೂ ರೇಂಜಿಗೆ ಬಂದವರಲ್ಲ; ಗೆದ್ದೆಯಾ ಎಂದು ಕೇಳಿದವರಲ್ಲ. "ಕಪ್ಪು ಸರಿಯಾಗಿತ್ತಾ?" ಎಂದಷ್ಟೇ ಕೇಳುತ್ತಿದ್ದರು.

ಕಳೆದ ವರ್ಷ ಕಡ್ಡಿ ಎರಡಾಯಿತು. ಮೊದಲು ರೇಂಜಿನ ಟ್ಯೂಬ್‌ಲೈಟನ್ನು ದೂಷಿಸಿದೆ, ಬಳಿಕ ಕನ್ನಡಕದವನನ್ನು, ಕೊನೆಗೆ ಮಸಿಯನ್ನು. ವಿಶೇಷ ಗಾಜು ಹಾಕಿಸಿಕೊಂಡರೂ ಕಡ್ಡಿಗೆ ಪಕ್ಕದಲ್ಲೊಂದು ನೆರಳು ಬಂದು ನಿಲ್ಲುತ್ತಿತ್ತು, ಬಾಡಿಗೆ ಕೊಡದ ಪೇಯಿಂಗ್ ಗೆಸ್ಟಿನಂತೆ. ಕಾಕಾ ತೀರಿಹೋಗಿ ವರ್ಷಗಳಾಗಿದ್ದವು. ಷರತ್ತನ್ನು ನೆನಪಿಸುವವರು ಯಾರೂ ಇರಲಿಲ್ಲ, ನನ್ನ ಹೊರತು. ಕೊಡಬೇಕೆಂಬುದು ಗೊತ್ತಿತ್ತು, ಕೈ ಮಾತ್ರ ಬಿಡುತ್ತಿರಲಿಲ್ಲ. ಆ ಭಾನುವಾರಗಳೂ ಹೋದರೆ ನಾನು ಯಾರು? ಕುಕ್ಕರಿನ ಸೀಟಿ ಎಣಿಸುವವಳಷ್ಟೇ ಅಲ್ಲವೇ?

ಅದೇ ರೇಂಜಿನಲ್ಲಿ ಶೈಲಾ ಹೊಡೆಯುತ್ತಾಳೆ. ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಕಾಂದಿವಲಿಯಲ್ಲಿ ನೆಲೆನಿಂತವರ ಮಗಳು. ಈಗ ರೈಲ್ವೆಯಲ್ಲಿ ನೌಕರಿ, ಕ್ಲಬ್ಬಿನ ಪಿಸ್ತೂಲಿಗೆ ಸರದಿ ಕಾಯುವ ಅಭ್ಯಾಸ. ಒಂದು ದಿನ ನನ್ನದನ್ನು ಕೊಟ್ಟು ಹೊಡೆಸಿದೆ. ಮುಗಿಸಿ ಕೆಳಗಿಟ್ಟವಳು ಗುರಿಯತ್ತ ನೋಡಲೇ ಇಲ್ಲ. ಹಿಡಿಯನ್ನೇ ಸವರುತ್ತ, "ಆಂಟಿ, ಇದ್ರಾಗ ಇನ್ನೊಬ್ಬರ ಕೈ ಐತಿ ಅನಸ್ತದ್ರಿ" ಎಂದಳು. "ಇಬ್ಬರದುಂಟು" ಎಂದೆ.

ಅಂದು ಸಂಜೆ ಅತ್ತೆಗೆ ಹೇಳಿದೆ: ಕೊಟ್ಟುಬಿಡಬೇಕೆಂದಿದ್ದೇನೆ. ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕದಲ್ಲಿ ಕೂತಿದ್ದ ಅವರು, ಇಷ್ಟು ವರ್ಷ ಅದು ಎಂತಕ್ಕೆ ಎಂದವರು, ತಟ್ಟನೆ, "ಯಾರಿಗೆ?" ಎಂದರು. ಹೇಳಿದೆ.

"ಆ ಹುಡುಗಿಗೆ ಮಸಿ ಹಿಡಿಯಲು ಬರುತ್ತದಾ?"

"ಇಲ್ಲ ಅತ್ತೆ. ಈಗಿನವರು ಡಬ್ಬಿಯ ಸ್ಪ್ರೇ ಹೊಡೆಯುತ್ತಾರೆ."

"ಸ್ಪ್ರೇಯಾ!" ಎಂದವರು, ನನ್ನ ಪಿಸ್ತೂಲಿಗೆ ನಾನೇ ಪಂಕ್ತಿಭೇದ ಮಾಡಿದೆನೆಂಬಂತೆ ನೋಡಿ, "ಮನೆಗೆ ಬರಲಿಕ್ಕೆ ಹೇಳು" ಎಂದು ಅಪ್ಪಣೆ ಮಾಡಿದರು.

ಕಾಗದಪತ್ರಗಳೆಲ್ಲ ಮುಗಿದು ಪಿಸ್ತೂಲು ಶೈಲಾಳದಾದ ಮೇಲೆ ಬಂದದ್ದು ಈ ಸಲದ ಆಯುಧಪೂಜೆ. ತುರಿಮಣೆ ಮತ್ತು ಮಿಕ್ಸಿಯ ನಡುವೆ ಅತ್ತೆ ಎಂದಿನ ಜಾಗ ಬಿಟ್ಟೇ ಇದ್ದರು. ಅಲ್ಲಿ ಬರಿಯ ಸೇವಂತಿಗೆ. ಶೈಲಾ ಸೀರೆಯುಟ್ಟು ಬಂದಳು, ಚಕ್ಕಳಮಕ್ಕಳ ಹಾಕಿ ಕೂತಳು. "ಅಜ್ಜಿ, ತುಪ್ಪ ಹಾಕಬಾರದೇನ್ರಿ?" ಎಂದು ಕೇಳಿಯೂಬಿಟ್ಟಳು. ಅತ್ತೆ ನನ್ನತ್ತ ತಿರುಗಿ, "ಎಲ್ಲ ಹೇಳಿಬಿಟ್ಟಿದ್ದೀಯಾ ನೀನು?" ಎಂದು ಗದರಿ, ಕರ್ಪೂರ ಹಚ್ಚಿ, ಇಕ್ಕಳದಲ್ಲಿ ತಟ್ಟೆ ಎತ್ತಿದರು. ತಟ್ಟೆ ನಡುಗಿತು. ಇನ್ನೊಂದು ಕೈಯ ಆಸರೆ ಕೊಟ್ಟರು. ಆಗಲೂ ನಡುಗಿತು, ಮಸಿಯೆಲ್ಲ ಉದುರತೊಡಗಿತು.

ನಾನು ಇಕ್ಕಳವನ್ನು ತೆಗೆದುಕೊಂಡೆ. ಒಂದೇ ಕೈ, ತೋಳು ನೀಳವಾಗಿ, ಉಸಿರು ಅರ್ಧಕ್ಕೆ ನಿಂತು, ಕಣ್ಣು ತಟ್ಟೆಯ ಅಂಚಿನ ಮೇಲೆ. ಜ್ವಾಲೆ ತಗ್ಗಿದಂತೆ ತಟ್ಟೆಯೂ ತಗ್ಗಿತು. ಅಂಚು ನನಗೆ ಎರಡಾಗಿಯೇ ಕಂಡಿತು. ಆದರೆ ಎರಡೂ ಅಲುಗಲಿಲ್ಲ.

ಅತ್ತೆ ಕನ್ನಡಕ ಸರಿಸಿ ನೋಡಿದರು. ಶೈಲಾಳ ತೊಡೆ ತಟ್ಟಿ, "ಕೈ ಕಂಡೆಯಾ ನಮ್ಮ ಸೊಸೆಯದು? ಬೆಡಿ ಹಿಡಿದ ಕೈ" ಎಂದರು.

ಮರುದಿನ ಬೆಳಿಗ್ಗೆ ಸುನಂದಾಬಾಯಿ ಪಾತ್ರೆಗಳನ್ನೆಲ್ಲ ಬಚ್ಚಲಿಗೆ ಹಾಕಿಕೊಂಡು, ಹಿತ್ತಾಳೆಯ ತಟ್ಟೆ ಎಲ್ಲಿ ಎಂದು ಕೇಳಿದಳು. ಅದನ್ನು ನಾನಾಗಲೇ ಮುಖ ಮಾತ್ರ ಬೆಳಗಿ, ಕಪ್ಪು ಬೆನ್ನನ್ನು ಹಾಗೆಯೇ ಬಿಟ್ಟು, ಪಿಸ್ತೂಲಿನ ಪೆಟ್ಟಿಗೆ ಇರುತ್ತಿದ್ದ ಕಪಾಟಿನಲ್ಲಿ ಇಟ್ಟಾಗಿತ್ತು.